ನಮ್ಮೂರಿನ ಹಗೇವು, ಅಮೆರಿಕದ ಹಗೇವು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಹೋಗಿ ಅಮೆರಿಕದಲ್ಲಿ ದುಡಿಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ನಾನು ಶಹಾಪುರದಲ್ಲಿ ಇಪ್ಪತ್ತು ವರ್ಷ ಮೀರಿ ಆದಾಯ ತೆರಿಗೆಯ ಲೆಕ್ಕ ಬರೆದುಕೊಡುತ್ತಾ ಬಂದವನು. ನನ್ನ ಟೇಬಲ್ಲಿನ ಮುಂದೆ ಕೂರುವವರು ಅಡತಿ ಅಂಗಡಿಯವರು, ಹತ್ತಿ ಮಿಲ್ಲಿನವರು, ಮಾಸ್ತರರು. ಈಚಿನ ಏಳೆಂಟು ವರ್ಷಗಳಲ್ಲಿ ಇವರ ಜೊತೆಗೆ ನಿಮ್ಮ ಅಪ್ಪ, ಅವ್ವಂದಿರೂ ಬರತೊಡಗಿದ್ದಾರೆ. ಕೈಯಲ್ಲಿ ಮೊಬೈಲು, ಅದರಲ್ಲಿ ನೀವು ಕಳಿಸಿದ ಇಂಗ್ಲಿಷ್ ಹಾಳೆಯೊಂದರ ಫೋಟೋ. "ಇದು ಎಂಥಾ ರೊಕ್ಕ ಐತಿ ಒಂಚೂರು ನೋಡ್ರಿ ಸರ್. ಹುಡುಗ ಫೋರ್ ನಾಟ್ ಒನ್ ಕೆ ಅಂತಾನ. ನಮಗ ತಿಳೀವಲ್ದು."

ಅವರಿಗೆ ತಿಳಿಯದಿರುವುದು ಸಹಜ. ನಿಮ್ಮಲ್ಲಿ ಬಹಳ ಮಂದಿಗೂ ಪೂರ್ತಿ ತಿಳಿದಿಲ್ಲ ಎನ್ನುವುದು ರಜೆಗೆ ಬಂದ ನಿಮ್ಮೊಡನೆ ಕೂತು ಮಾತಾಡಿದಾಗ ನನಗೆ ಗೊತ್ತಾಯಿತು. ಅದಕ್ಕೇ ಈ ಪತ್ರ.

ಹಗೇವು ನೋಡಿದ ಕೊನೆಯ ತಲೆಮಾರು ಬಹುಶಃ ನಮ್ಮದು. ಆಳುದ್ದ ತೋಡಿದ ಕುಣಿ, ಒಳಗೆ ಸುತ್ತಲೂ ಒತ್ತಿದ ಹುಲ್ಲು, ಅದರ ತುಂಬ ಜೋಳ, ಮೇಲೆ ಬಂಡೆ, ಬಂಡೆಯ ಮೇಲೆ ಮಣ್ಣು. ಮನಸ್ಸು ಬಂದಾಗಲೆಲ್ಲ ಅದನ್ನು ತೆರೆಯುವಂತಿಲ್ಲ. ಬರಗಾಲ ಬಿದ್ದಾಗ, ಇಲ್ಲವೇ ಮನೆಯಲ್ಲಿ ಮದುವೆ ಕಾರ್ಯ ಬಂದಾಗ ತೆರೆಯಬೇಕು. ತೆರೆದರೂ ಥಟ್ಟನೆ ಇಳಿಯುವಂತಿಲ್ಲ. ಒಳಗೆ ಕಟ್ಟಿದ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರ ಮಾಡಿ ಇಳಿದು ಸತ್ತವರ ಕಥೆ ನಮ್ಮ ಹಳ್ಳಿಗಳಲ್ಲಿ ಕೇಳುತ್ತಲೇ ಬೆಳೆದಿದ್ದೇವೆ.

ನಿಮ್ಮ 401ಕೆ ಎಂಬ ನಿವೃತ್ತಿ ಖಾತೆ ಅಂಥದೇ ಒಂದು ಹಗೇವು ಎಂದು ನಿಮ್ಮ ಅಪ್ಪಂದಿರಿಗೆ ಹೇಳುತ್ತೇನೆ, ಕೂಡಲೇ ಅರ್ಥವಾಗುತ್ತದೆ. ಹೆಸರು ಬಂದದ್ದು ಅಮೆರಿಕದ ತೆರಿಗೆ ಕಾನೂನಿನ ಒಂದು ಕಲಮಿನಿಂದ. ಆ ಕಲಮು ಸೇರಿದ್ದು 1978ರಲ್ಲಿ. ಐಆರ್‌ಎ ಎಂಬ ಇನ್ನೊಂದು ನಿವೃತ್ತಿ ಖಾತೆ ಅದಕ್ಕಿಂತ ಹಳೆಯದು, 1974ರದು. ಸಂಬಳದಿಂದ ತೆರಿಗೆ ಕತ್ತರಿಸುವ ಮುಂಚೆಯೇ ಒಂದು ಪಾಲು ಒಳಗೆ ಹೋಗುತ್ತದೆ. 2025ರಲ್ಲಿ ನೌಕರ ತನ್ನ ಕಡೆಯಿಂದ 23,500 ಡಾಲರ್‌ವರೆಗೆ ಹಾಕಬಹುದಿತ್ತು. ಬಹಳ ಕಂಪನಿಗಳು ತಮ್ಮದೂ ಒಂದಿಷ್ಟು ಸೇರಿಸುತ್ತವೆ. ಒಳಗಿದ್ದಷ್ಟು ಕಾಲ ಬೆಳೆದದ್ದಕ್ಕೆ ತೆರಿಗೆ ಇಲ್ಲ, ತೆಗೆಯುವಾಗ ಇದೆ. ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲೇ ಬಂಡೆ ಸರಿಸಿದರೆ ತೆರಿಗೆಯ ಮೇಲೆ ಸಾಮಾನ್ಯವಾಗಿ ಇನ್ನೂ ಶೇಕಡಾ 10 ಕೊಡಬೇಕು. ರಾತ್ ಎಂಬ ಬಗೆ 1997ರ ಕಾನೂನಿನಿಂದ ಬಂದದ್ದು, ಸೆನೆಟರ್ ವಿಲಿಯಂ ರಾತ್ ಅವರ ಹೆಸರಿನದು. ಅದರಲ್ಲಿ ಲೆಕ್ಕ ಉಲ್ಟಾ: ತೆರಿಗೆ ಕಟ್ಟಿದ ರೊಕ್ಕವನ್ನೇ ಒಳಗೆ ಹಾಕುತ್ತೀರಿ, ನಿಯಮದಂತೆ ಕಾದು ತೆಗೆದರೆ ಬೆಳೆದದ್ದಕ್ಕೂ ಅಲ್ಲಿ ತೆರಿಗೆ ಇಲ್ಲ.

ಇಷ್ಟು ನಿಮಗೆ ನಿಮ್ಮ ಕಂಪನಿಯವರೇ ಹೇಳಿಕೊಟ್ಟಿರುತ್ತಾರೆ. ಅವರು ಹೇಳದ ಮಾತೊಂದಿದೆ: ತೆರಿಗೆ ಬಿಟ್ಟುಕೊಟ್ಟ ದೇಶದ ಮಾತು ಆ ದೇಶದ ಗಡಿಯವರೆಗೆ ಮಾತ್ರ ನಡೆಯುತ್ತದೆ. ಗಡಿ ದಾಟಿದ ಮೇಲೆ ಇನ್ನೊಂದು ದೇಶ ಅದನ್ನು ಒಪ್ಪಲೂಬಹುದು, ಬಿಡಲೂಬಹುದು.

ನಿಮ್ಮ ಮನೆಯವರಿಗೆಲ್ಲ ಗೊತ್ತಿರುವ ಎನ್‌ಆರ್‌ಇ ಠೇವಣಿಯನ್ನೇ ತೆಗೆದುಕೊಳ್ಳಿ. "ಎನ್‌ಆರ್‌ಇ ಬಡ್ಡಿಗೆ ಟ್ಯಾಕ್ಸ್ ಇಲ್ಲರೀ" ಎಂದು ಬ್ಯಾಂಕಿನಲ್ಲಿ ಹೇಳುತ್ತಾರೆ. ನಿಜ, ಭಾರತದಲ್ಲಿ ಇಲ್ಲ. ಆದರೆ ಅಮೆರಿಕವು ತನ್ನ ತೆರಿಗೆದಾರನ ಆದಾಯ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಬಡ್ಡಿಯನ್ನು ನೀವು ಅಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳ ಮೊತ್ತ ಎಲ್ಲ ಕೂಡಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ವರದಿಯನ್ನೂ ಕೊಡಬೇಕು. ಅಪ್ಪನ ಜೊತೆ ಹೆಸರು ಜೋಡಿಸಿಟ್ಟ ಖಾತೆಯೂ ಆ ಲೆಕ್ಕದಲ್ಲಿ ಬರುತ್ತದೆ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ.

ಕಳೆದ ಸಲ ಮೈಲಾಪುರದ ಜಾತ್ರೆಗೆಂದು ಊರಿಗೆ ಬಂದಿದ್ದ ತಮ್ಮನೊಬ್ಬ ನನ್ನಲ್ಲಿಗೆ ಬಂದು ಹೆಮ್ಮೆಯಿಂದ ಹೇಳಿದ. ತನ್ನ ರಾತ್ ಐಆರ್‌ಎಯಲ್ಲಿರುವುದನ್ನೆಲ್ಲ ಅಮೆರಿಕದ ಪೇಟೆಯಲ್ಲಿ ಸಿಗುವ ಒಂದು ಭಾರತದ ಫಂಡಿಗೆ ಹಾಕಿದ್ದಾನಂತೆ. "ನಮ್ಮ ದೇಶ ಬೆಳೀಲಿಕ್ಹತ್ತೈತಿ ಸರ್, ನಾನು ಯಾಕ ಹೊರಗ ನಿಲ್ಲಬೇಕು?" ಆ ಮಾತಿನಲ್ಲಿದ್ದ ಪ್ರೀತಿಯನ್ನು ನಾನು ಹಗುರ ಮಾಡಲಾರೆ. ಅಲ್ಲಿ ಕೂತು ನೋಡಿದರೆ ವಿದೇಶದ ಹೂಡಿಕೆ ಎಂದರೆ ನಮ್ಮ ಊರೇ. ಅಂಥ ಫಂಡುಗಳು ಅಲ್ಲಿ ಹೊಸವೂ ಅಲ್ಲ. ವಿಸ್ಡಮ್‌ಟ್ರೀ ಸಂಸ್ಥೆಯದು 2008ರಲ್ಲಿ, ಐಶೇರ್ಸ್‌ನ ಎಂಎಸ್‌ಸಿಐ ಇಂಡಿಯಾ 2012ರಲ್ಲಿ ಬಂದವು. ಆದರೆ ಅವನಿಗೆ ಒಂದು ಸಂಗತಿ ಯಾರೂ ಹೇಳಿರಲಿಲ್ಲ.

2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಲಾಭಾಂಶದ ತೆರಿಗೆಯನ್ನು ಕಂಪನಿಯ ಬದಲು ಲಾಭಾಂಶ ಪಡೆಯುವವನೇ ಕೊಡುತ್ತಾನೆ. ಹೊರದೇಶದ ಫಂಡಿಗೆ ಲಾಭಾಂಶ ಹೋಗುವಾಗ ಶೇಕಡಾ 20, ಅದರ ಮೇಲೆ ಸರ್‌ಚಾರ್ಜು, ಸೆಸ್ಸು ಸೇರಿ ಇಲ್ಲೇ ಕಡಿತವಾಗುತ್ತದೆ. ಷೇರು ಮಾರಿ ಗಳಿಸಿದ ಲಾಭದ ಮೇಲೂ ಇದೆ: 2024ರ ಜುಲೈ 23ರಿಂದ ಒಂದು ವರ್ಷ ದಾಟಿದ ಷೇರಿಗೆ ಶೇಕಡಾ 12.5, ಅದಕ್ಕಿಂತ ಬೇಗ ಮಾರಿದರೆ ಶೇಕಡಾ 20. ಫಂಡು ಇದನ್ನು ತನ್ನ ಗಂಟಿನಿಂದಲೇ ಕಟ್ಟುತ್ತದೆ, ಅಂದರೆ ನಿಮ್ಮ ಗಂಟಿನಿಂದ. ನಿಮ್ಮ ಐಆರ್‌ಎಗೆ ತೆರಿಗೆ ಇಲ್ಲ ಎಂದು ಅಮೆರಿಕ ಹೇಳಿದ್ದು ಭಾರತಕ್ಕೆ ಕೇಳಿಸುವುದಿಲ್ಲ. ಅದು ತನ್ನ ಪಾಲು ತೆಗೆದುಕೊಂಡೇ ಕಳಿಸುತ್ತದೆ.

ಇದೇ ಫಂಡನ್ನು ನೀವು ಸಾದಾ ಖಾತೆಯಲ್ಲಿ ಇಟ್ಟಿದ್ದರೆ, ಭಾರತದಲ್ಲಿ ಕಡಿತವಾದ ತೆರಿಗೆ ಇಷ್ಟು ಎಂದು ಫಂಡು ವರ್ಷದ ಕೊನೆಗೆ ಲೆಕ್ಕ ಕೊಡುತ್ತದೆ. ಅದನ್ನು 1116 ಎಂಬ ಫಾರ್ಮಿನಲ್ಲಿ ತೋರಿಸಿ ಅಮೆರಿಕದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ನಿವೃತ್ತಿ ಖಾತೆಯಲ್ಲಿ ಆ ದಾರಿ ಇಲ್ಲ. ಅಲ್ಲಿ ನಿಮಗೆ ತೆರಿಗೆಯೇ ಇಲ್ಲವಲ್ಲ, ಯಾವುದರಲ್ಲಿ ವಜಾ ಮಾಡುವುದು? ಲಕ್ಷ ಡಾಲರ್ ಇದೆ, ವರ್ಷಕ್ಕೆ ನೂರಕ್ಕೆ ಒಂದೂವರೆ ಲಾಭಾಂಶ ಬರುತ್ತದೆ ಎಂದಿಟ್ಟುಕೊಳ್ಳಿ. 1,500ರಲ್ಲಿ 300 ಡಾಲರಿಗೂ ಸ್ವಲ್ಪ ಹೆಚ್ಚು ಇಲ್ಲೇ ಉಳಿಯಿತು, ಅದು ಮತ್ತೆ ನಿಮ್ಮ ಕೈಗೆ ಬಾರದು. ಸಾದಾ ಐಆರ್‌ಎ ಆದರೆ ಉಳಿದದ್ದನ್ನು ತೆಗೆಯುವ ದಿನ ಅದಕ್ಕೆ ಮತ್ತೆ ತೆರಿಗೆ.

ಎಲ್ಲ ದೇಶಗಳೂ ಹೀಗೆ ಎಂದಲ್ಲ. ಬ್ರಿಟನ್ನಿನ ಸಾಮಾನ್ಯ ಕಂಪನಿಗಳ ಲಾಭಾಂಶ ಹೊರಗೆ ಹೋಗುವಾಗ ಕಡಿತವೇ ಇಲ್ಲ. ಕೆನಡಾ ಮತ್ತು ಅಮೆರಿಕ ಪರಸ್ಪರರ ನಿವೃತ್ತಿ ಖಾತೆಗಳನ್ನು ಒಪ್ಪಂದದಲ್ಲೇ ಮಾನ್ಯ ಮಾಡಿಕೊಂಡಿವೆ. ಟೊರೊಂಟೊದಲ್ಲಿರುವ ನಮ್ಮ ಹುಡುಗರು ಆರ್‌ಆರ್‌ಎಸ್‌ಪಿಯಲ್ಲಿ ಅಮೆರಿಕದ ಷೇರು ಇಟ್ಟರೆ ಲಾಭಾಂಶ ಪೂರ್ತಿ ಬರುತ್ತದೆ. ಅದೇ ಷೇರನ್ನು ಟಿಎಫ್‌ಎಸ್‌ಎಯಲ್ಲಿ ಇಟ್ಟರೆ ಶೇಕಡಾ 15 ಹೋಗುತ್ತದೆ. ಎರಡೂ ಕೆನಡಾದಲ್ಲಿ ತೆರಿಗೆ ರಿಯಾಯಿತಿ ಇರುವ ಖಾತೆಗಳೇ. ಒಂದನ್ನು ಅಮೆರಿಕ ಪಿಂಚಣಿ ಎಂದು ಒಪ್ಪಿತು, ಇನ್ನೊಂದನ್ನು ಒಪ್ಪಲಿಲ್ಲ.

ಹಾಗಂತ ಇವತ್ತೇ ಎಲ್ಲ ಮಾರಿಬಿಡಿ ಎಂದು ನಾನು ಆ ತಮ್ಮನಿಗೆ ಹೇಳಲಿಲ್ಲ. ಫಂಡು ಚೆನ್ನಾಗಿ ಬೆಳೆದರೆ, ರಾತ್‌ನಲ್ಲಿ ಉಳಿಯುವ ಅಮೆರಿಕದ ತೆರಿಗೆ ಇಲ್ಲಿ ಹೋಗುವ ಮುನ್ನೂರು ಡಾಲರಿಗಿಂತ ದೊಡ್ಡದಾಗಬಹುದು. ಕೂತು ಲೆಕ್ಕ ಹಾಕಬೇಕು. ನನ್ನ ಆತಂಕ ಬೇರೆಯದು. ಅವನಿಗೆ ಶಹಾಪುರದಲ್ಲಿ ಸೈಟು ಇದೆ, ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿಯುವ ಎರಡೆಕರೆ ಇದೆ, ಅಪ್ಪನ ಹೆಸರಿನ ಠೇವಣಿ ಇದೆ. ಭಾರತದ ಮೇಲೆ ಅವನು ಈಗಾಗಲೇ ಬೇಕಾದಷ್ಟು ಭಾರ ಹಾಕಿದ್ದಾನೆ. ಜೋಳದ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದ ಅಜ್ಜನ ಮೊಮ್ಮಗ ಅವನು. ಮಳೆ ಒಂದಕ್ಕೆ ಕೈ ಕೊಟ್ಟರೆ ಇನ್ನೊಂದು ಮನೆ ಹಿಡಿಯಲಿ ಎಂದೇ ಅಜ್ಜ ಆ ಸಾಲು ಬಿಟ್ಟದ್ದು. ಭಾರತದ ಫಂಡು ಬೇಕೇ ಬೇಕೆಂದರೆ ಒಂದು ಸಣ್ಣ ಪಾಲು ಇರಲಿ, ಸಾಧ್ಯವಾದರೆ ಅದು ಸಾದಾ ಖಾತೆಯಲ್ಲಿರಲಿ ಎಂದು ಹೇಳಿ ಕಳಿಸಿದೆ.

ಇನ್ನೊಂದು ಮಾತು. ಅಪ್ಪ ಹೇಳಿದರೆಂದು ಇಲ್ಲಿನ ಮ್ಯೂಚುವಲ್ ಫಂಡಿನಲ್ಲಿ ಎಸ್‌ಐಪಿ ನಡೆಸುತ್ತಿದ್ದರೆ ಮೊದಲು ನಿಮ್ಮ ಅಮೆರಿಕದ ಲೆಕ್ಕಿಗನನ್ನು ಕೇಳಿ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಪಿಎಫ್‌ಐಸಿ ಎಂಬ ಹೆಸರಿದೆ, 8621 ಎಂಬ ಫಾರ್ಮು ಇದೆ, ತೆರಿಗೆ ಬಹಳ ಕಠಿಣವಾಗಿದೆ. ಅಮೆರಿಕದಲ್ಲೇ ನೋಂದಾಯಿತವಾದ ಭಾರತದ ಫಂಡಿಗೆ ಆ ಕಾಟ ಇಲ್ಲ.

ಈಗ ಊರಿಗೆ ಮರಳುವವರ ವಿಷಯ. ನಿಮ್ಮಲ್ಲಿ ಅನೇಕರು ಮರಳುತ್ತೀರಿ. ಅಪ್ಪನಿಗೆ ಕಾಲು ನಡೆಯದ ಹೊತ್ತಿಗೆ, ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ, ವೀಸಾ ಮುಗಿದ ಹೊತ್ತಿಗೆ. ಹಾಗೆ ಬಂದವರು ನನ್ನ ಮುಂದೆ ಕೂತು ಮೊದಲು ಹೇಳುವುದು, "ಸರ್, ಅಲ್ಲಿನ ರೊಕ್ಕ ಅಲ್ಲೇ ಐತಿ, ಅದನ್ನ ಮುಟ್ಟಿಲ್ಲ, ಅದಕ್ಕ ಇಲ್ಲಿ ತೋರಿಸೋದು ಏನೂ ಇಲ್ಲ ಅಲ್ಲ?" ಇದೆ, ತಮ್ಮಾ. ತಂಗೀ, ಇದೆ.

ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷದಲ್ಲಿ ಇಲ್ಲಿ 729 ದಿನಕ್ಕಿಂತ ಹೆಚ್ಚು ಇರದವರಿಗೆ, ಬಂದ ಮೇಲೆ ಎರಡು, ಕೆಲವೊಮ್ಮೆ ಮೂರು ವರ್ಷ ಒಂದು ನಡುವಿನ ಸ್ಥಿತಿ ಸಿಗುತ್ತದೆ. ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಆ ಅವಧಿಯಲ್ಲಿ ಅಮೆರಿಕದ ಖಾತೆಯ ಗಳಿಕೆಗೆ ಭಾರತ ಕೈ ಹಾಕುವುದಿಲ್ಲ. ಹಗೇವಿಗೆ ದೀಪ ಇಳಿಬಿಟ್ಟು ನೋಡುವ ಹೊತ್ತು ಅದು. ಏನನ್ನು ಮಾರಬೇಕು, ಏನನ್ನು ತೆಗೆಯಬೇಕು, ಏನನ್ನು ಹಾಗೇ ಇಡಬೇಕು ಎಂದು ಆ ಎರಡು ವರ್ಷದಲ್ಲೇ ನಿರ್ಧರಿಸಬೇಕು. ಬಹಳ ಜನ ಆ ವರ್ಷಗಳನ್ನು ಮನೆ ಕಟ್ಟಿಸುವುದರಲ್ಲಿ, ಮಕ್ಕಳ ಶಾಲೆ ಹುಡುಕುವುದರಲ್ಲಿ ಕಳೆದು ಮೂರನೇ ವರ್ಷ ನನ್ನಲ್ಲಿಗೆ ಬರುತ್ತಾರೆ.

ಆ ಅವಧಿ ಮುಗಿದ ಮೇಲೆ ಭಾರತವೂ ನಿಮ್ಮ ಜಗತ್ತಿನ ಆದಾಯವನ್ನೆಲ್ಲ ಕೇಳುತ್ತದೆ. 401ಕೆಯೊಳಗೆ ಪ್ರತಿವರ್ಷ ಹುಟ್ಟುವ ಲಾಭಾಂಶವನ್ನು ಭಾರತ ಆಯಾ ವರ್ಷವೇ ಕೇಳುತ್ತದೆ, ಅಮೆರಿಕ ತೆಗೆಯುವ ದಿನ ಕೇಳುತ್ತದೆ. ಎರಡು ದೇಶ, ಎರಡು ಬೇರೆ ವರ್ಷ, ವಜಾ ಹೊಂದುವುದಿಲ್ಲ. ಈ ತೊಡಕು ಬಿಡಿಸಲೆಂದೇ 2021ರ ಬಜೆಟ್ಟಿನಲ್ಲಿ 89ಎ ಕಲಮು ಬಂತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಖ್ಯೆ ಬೇರೆ, ನಾನು ಹಳೆಯ ಹೆಸರಿನಲ್ಲೇ ಹೇಳುತ್ತಿದ್ದೇನೆ. ಅಮೆರಿಕ, ಬ್ರಿಟನ್, ಕೆನಡಾ, ಈ ಮೂರು ದೇಶಗಳ ನಿವೃತ್ತಿ ಖಾತೆಗೆ ಅದು ಅನ್ವಯ. ಅಲ್ಲಿ ನಿವಾಸಿಯಾಗಿ, ಇಲ್ಲಿ ಅನಿವಾಸಿಯಾಗಿದ್ದಾಗ ತೆರೆದ ಖಾತೆ ಆಗಿರಬೇಕು. ರಿಟರ್ನ್ ಕೊಡುವ ಕೊನೆಯ ದಿನದೊಳಗೆ 10-ಇಇ ಎಂಬ ಫಾರ್ಮು ತುಂಬಿದರೆ, ಆ ದೇಶ ಯಾವಾಗ ತೆರಿಗೆ ಕೇಳುತ್ತದೋ ಆಗಲೇ ನಾವೂ ಕೇಳುತ್ತೇವೆ ಎಂದು ಭಾರತ ಒಪ್ಪುತ್ತದೆ. ಒಮ್ಮೆ ಆರಿಸಿಕೊಂಡರೆ ಮುಂದಿನ ವರ್ಷಗಳಿಗೂ ಅದೇ, ಹಿಂತೆಗೆಯುವಂತಿಲ್ಲ. ಮತ್ತೆ ಅನಿವಾಸಿಯಾದರೆ ಆರಿಸಿಕೊಂಡೇ ಇರಲಿಲ್ಲ ಎಂದು ಲೆಕ್ಕ. ಮರಳಿ ಹೋಗುವ ಯೋಚನೆ ಇದ್ದವರು ಇದನ್ನು ಎರಡು ಸಲ ಓದಿಕೊಳ್ಳಿ.

ಕಾನೂನಿನ ಮಾತುಗಳನ್ನು ಸರಿಯಾಗಿ ನೋಡಿದರೆ ರಾತ್ ಖಾತೆಯ ತೊಂದರೆ ಕಾಣುತ್ತದೆ. ತೆಗೆಯುವಾಗ ಆ ದೇಶ ತೆರಿಗೆ ಹಾಕುವ ಖಾತೆಗೆ ಮಾತ್ರ ಈ ಅನುಕೂಲ. ರಾತ್‌ನ ಸೊಗಸು ಇರುವುದೇ ತೆಗೆಯುವಾಗ ತೆರಿಗೆ ಇಲ್ಲ ಎನ್ನುವುದರಲ್ಲಿ. ಹಾಗಾಗಿ ರಾತ್ ಖಾತೆ 89ಎ ಒಳಗೆ ಬರುವುದು ಕಷ್ಟ ಎಂದೇ ನನ್ನ ಓದು. ಅಲ್ಲಿ ಎಲ್ಲಕ್ಕಿಂತ ಒಳ್ಳೆಯದಾಗಿದ್ದ ಖಾತೆ ಇಲ್ಲಿ ವರ್ಷ ವರ್ಷ ತೆರಿಗೆ ಕಟ್ಟುವ ಸಾದಾ ಖಾತೆಯಾಗಿಬಿಡಬಹುದು. ಐದಾರು ವರ್ಷದಲ್ಲಿ ಊರಿಗೆ ಬರುವುದು ಗಟ್ಟಿ ಎನ್ನುವವರು ರಾತ್‌ಗೆ ಸುರಿಯುವ ಮುಂಚೆಯೇ ಇದನ್ನು ಯೋಚಿಸಬೇಕು. ರಾತ್ ಐಆರ್‌ಎಗೆ ನೀವು ಹಾಕಿದ ಅಸಲನ್ನು ಅಮೆರಿಕದ ತೆರಿಗೆಯಿಲ್ಲದೆ ಯಾವಾಗ ಬೇಕಾದರೂ ತೆಗೆಯಬಹುದು, ಅಷ್ಟು ಸಮಾಧಾನ.

ತೆರಿಗೆ ಬರಲಿ ಬಿಡಲಿ, ಸಾಮಾನ್ಯ ನಿವಾಸಿಯಾದ ಮೇಲೆ ಆ ಖಾತೆಗಳನ್ನು ರಿಟರ್ನಿನ ಎಫ್‌ಎ ಶೆಡ್ಯೂಲಿನಲ್ಲಿ ಬರೆಯಲೇಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್ 1ರಿಂದ ಮನೆ-ಜಾಗ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು ಇಪ್ಪತ್ತು ಲಕ್ಷ ಮೀರದವರಿಗೆ ಈ ದಂಡವಿಲ್ಲ, ಆದರೂ ಬರೆಯಿರಿ. ಬೆವರು ಸುರಿಸಿ ದುಡಿದ ರೊಕ್ಕಕ್ಕೆ ಕಪ್ಪುಹಣ ಎಂಬ ಹೆಸರಿನ ನೋಟೀಸು ಬಂದಾಗ ಒಬ್ಬ ಮಾಸ್ತರರ ಮಗ ನನ್ನ ಮುಂದೆ ಕೂತು ಅತ್ತಿದ್ದನ್ನು ನಾನು ಮರೆತಿಲ್ಲ.

ಇನ್ನು ಹೇಳಲು ಕಷ್ಟವಾದ ಮಾತು. ಸುರಪುರ ತಾಲೂಕಿನ ಒಂದು ಹಳ್ಳಿಯ ಗಂಡ ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ನನ್ನಲ್ಲಿಗೆ ಬಂದರು. ಮಗ ಅಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಮದುವೆ ಆಗಿರಲಿಲ್ಲ. 401ಕೆಯಲ್ಲಿ ರೊಕ್ಕವಿತ್ತು, ವಾರಸುದಾರರ ಹೆಸರಿನ ಜಾಗ ಖಾಲಿ ಇತ್ತು. ಖಾತೆ ನಡೆಸುವವರು ಕೇಳಿದ್ದು ಅಮೆರಿಕದ ತೆರಿಗೆ ಸಂಖ್ಯೆ, ವಾರಸಾ ಪ್ರಮಾಣಪತ್ರ, ಅದರ ಇಂಗ್ಲಿಷ್ ಅನುವಾದ, ಅದರ ಮೇಲೆ ಅಪೋಸ್ಟಿಲ್ ಮುದ್ರೆ. ಮಗನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ನಾಡಕಚೇರಿ, ತಹಶೀಲ್ದಾರ ಕಚೇರಿ, ಕೋರ್ಟು, ಬೆಂಗಳೂರು ಎಂದು ಎರಡು ವರ್ಷಕ್ಕೂ ಹೆಚ್ಚು ಓಡಾಡಿದೆವು. ಪ್ರತಿ ಸಲವೂ ಆ ತಾಯಿ ಮಗ ಸತ್ತದ್ದನ್ನು ಹೊಸಬರೊಬ್ಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಕೊನೆಗೆ ರೊಕ್ಕ ಬಂತು. ಆ ಹುಡುಗ ಕಂಪ್ಯೂಟರಿನಲ್ಲಿ ಎರಡು ಹೆಸರು ತುಂಬಿದ್ದರೆ ಈ ಓಡಾಟದ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಮರಳಿ ಬಂದು ಇಲ್ಲೇ ನೆಲೆಸಿದವರಿಗೆ ಇದರಲ್ಲಿ ಮತ್ತೊಂದು ಪೆಟ್ಟು ಇದೆ. ನಮ್ಮಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ರದ್ದಾಯಿತು. ಅಮೆರಿಕದಲ್ಲಿ ಇದೆ. ಅಲ್ಲಿನ ಪ್ರಜೆಗೆ, ಅಲ್ಲೇ ಕಾಯಂ ನೆಲೆಸಿದವನಿಗೆ ವಿನಾಯಿತಿ ಕೋಟಿ ಡಾಲರಿಗೂ ಮೇಲೆ. ಪ್ರಜೆಯಲ್ಲದೆ ಹೊರಗೆ ನೆಲೆಸಿದವನು ಸತ್ತರೆ ಅವನ ಅಮೆರಿಕದ ಆಸ್ತಿಗೆ ವಿನಾಯಿತಿ 60,000 ಡಾಲರ್ ಮಾತ್ರ. ಮೇಲಿನದಕ್ಕೆ ಶೇಕಡಾ 40ರವರೆಗೂ ಏರುವ ತೆರಿಗೆ. 401ಕೆ, ಐಆರ್‌ಎ ಎರಡೂ ಆ ಲೆಕ್ಕದಲ್ಲಿ ಬರುತ್ತವೆ. ಈ ತೆರಿಗೆಯ ಬಗ್ಗೆ ಎರಡೂ ದೇಶಗಳ ನಡುವೆ ಒಪ್ಪಂದವಿಲ್ಲ. ದೊಡ್ಡ ಮೊತ್ತ ಅಲ್ಲೇ ಬಿಟ್ಟು ಊರಲ್ಲಿ ಸಂಸಾರ ಹೂಡಿದವರು ಇದನ್ನು ಹೆಂಡತಿಗೆ, ಗಂಡನಿಗೆ ಬಾಯಿಬಿಟ್ಟು ಹೇಳಿರಬೇಕು.

ಬದುಕಿದ್ದಾಗಿನ ತೆರಿಗೆಗೆ ಒಪ್ಪಂದ ಇದೆ, 1989ರದು. ಅದರ ಇಪ್ಪತ್ತನೇ ಕಲಮಿನ ಪ್ರಕಾರ ಖಾಸಗಿ ಪಿಂಚಣಿಯ ಮೇಲೆ ತೆರಿಗೆ ಹಾಕುವ ಹಕ್ಕು ಪಿಂಚಣಿದಾರ ವಾಸವಿರುವ ದೇಶದ್ದು. ಶಹಾಪುರದಲ್ಲಿ ಕೂತು ತಿಂಗಳು ತಿಂಗಳು ತೆಗೆಯುವವರು ಡಬ್ಲ್ಯೂ-8ಬೆನ್ ಫಾರ್ಮಿನಲ್ಲಿ ಇದನ್ನು ತಿಳಿಸಿರಬೇಕು. ಇಲ್ಲದಿದ್ದರೆ ಅಲ್ಲೇ ಶೇಕಡಾ 30 ಕಡಿದು ಕಳಿಸುತ್ತಾರೆ. ಒಂದೇ ಸಲಕ್ಕೆ ಇಡೀ ಗಂಟು ಬಿಚ್ಚಿದರೆ ಅದು ಪಿಂಚಣಿಯೋ ಅಲ್ಲವೋ ಎಂಬ ತಕರಾರು ಏಳುತ್ತದೆ. ಎರಡೂ ಕಡೆಯ ಕಾನೂನು ಬಲ್ಲವರನ್ನು ಕೇಳದೆ ಹಾಗೆ ಮಾಡಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಶನಿವಾರ ಒಂದು ಗಂಟೆ ತೆಗೆದು ಪ್ರತಿ ಖಾತೆಯಲ್ಲೂ ವಾರಸುದಾರರ ಹೆಸರು ಇದೆಯೇ ನೋಡಿ. ಇದ್ದರೆ ಅಪ್ಪ ಅವ್ವನ ಪಾಸ್‌ಪೋರ್ಟಿನಲ್ಲಿ, ಅದಿಲ್ಲದಿದ್ದರೆ ಆಧಾರಿನಲ್ಲಿ ಇರುವಂತೆಯೇ ಅಕ್ಷರ ಹೊಂದುತ್ತದೆಯೇ ನೋಡಿ. ಆಮೇಲೆ ಒಂದು ಹಾಳೆ ಕನ್ನಡದಲ್ಲಿ ಕೈಯಿಂದ ಬರೆಯಿರಿ. ಯಾವ ಖಾತೆ, ಯಾವ ಸಂಸ್ಥೆಯಲ್ಲಿ, ಯಾವ ಬಗೆಯದು, ಒಳಗೆ ಯಾವ ದೇಶದ ಹೂಡಿಕೆ, ಯಾರನ್ನು ಕೇಳಬೇಕು. ಪಾಸ್‌ವರ್ಡು ಬೇಡ. ಆ ಹಾಳೆ ಮನೆಯ ಟ್ರಂಕಿನಲ್ಲಿ, ಹೊಲದ ಪಹಣಿಯ ಜೊತೆ ಇರಲಿ. ಮೊಬೈಲಿನ ಫೋಟೋ ಮೊಬೈಲು ಕೆಟ್ಟ ದಿನ ಹೋಗುತ್ತದೆ.

ದಸರೆಗೋ ಸಂಕ್ರಾಂತಿಗೋ ಬಂದಾಗ ಹೋದ ವರ್ಷದ ಎರಡೂ ದೇಶದ ರಿಟರ್ನುಗಳನ್ನು ತನ್ನಿ. ಬೆಳಿಗ್ಗೆ ಹತ್ತರೊಳಗೆ ಬಂದರೆ ಅಡತಿಯವರು ಬರುವ ಮುಂಚೆ ಕೂತು ನೋಡೋಣ. ಅಪ್ಪನನ್ನೂ ಅವ್ವನನ್ನೂ ಜೊತೆಗೆ ಕರೆತನ್ನಿ.

ನಿಮ್ಮ ಊರಿನ,
ತೆರಿಗೆ ಲೆಕ್ಕ ಬರೆಯುವ ಅಣ್ಣ
ಶಹಾಪುರ, ಯಾದಗಿರಿ ಜಿಲ್ಲೆ